ಮಾಗಳಿ ಬೇರು: ಪರೀಕ್ಷೆಗೆ ಮುಖ್ಯಾಂಶಗಳು

● ವೈಜ್ಞಾನಿಕ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿಐ. ಮಾಕಳಿ ಬೇರು ಎಂದೂ ಕರೆಯುತ್ತಾರೆ. ಎಕ್ಕದ ಗಿಡದಂತೆ ಇದೂ ಅಪೋಸೈನೇಸಿ ಕುಟುಂಬದ್ದು. ಹಳೆಯ ಪುಸ್ತಕಗಳಲ್ಲಿ ಅಸ್ಕ್ಲೆಪಿಯಡೇಸಿ ಎಂದಿರುತ್ತದೆ.

● ನೆಲೆ: ದಕ್ಷಿಣ ಭಾರತಕ್ಕೆ ಮಾತ್ರ ಸೀಮಿತ. ಒಣ ಎಲೆಯುದುರುವ ಕಾಡಿನ ಕಲ್ಲುಬಂಡೆಯ ಇಳಿಜಾರು ಇದಕ್ಕೆ ಒಗ್ಗುತ್ತದೆ. ಹೂಗ್ಯಂ ವಲಯವೂ ಸೇರಿರುವ ಮಲೆ ಮಹದೇಶ್ವರ ವನ್ಯಜೀವಿಧಾಮದ ಬೆಟ್ಟಗಳಲ್ಲಿ, ಯಳಂದೂರು ಕಡೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಗುತ್ತದೆ.

● ಲಕ್ಷಣ: ಹಬ್ಬುವ ಬಳ್ಳಿ. ಮುರಿದರೆ ಹಾಲು ಸುರಿಯುತ್ತದೆ. ಎಲೆಗಳು ಎದುರುಬದುರು, ಕಾಯಿಗಳು ಜೋಡಿ. ಬೀಜಕ್ಕೆ ರೇಷ್ಮೆಯಂಥ ಕುಚ್ಚು ಇರುವುದರಿಂದ ಗಾಳಿಯಲ್ಲಿ ತೇಲಿ ಹರಡುತ್ತದೆ. ನೆಲದಡಿ ತಿರುಳಿನ ದಪ್ಪ ಬೇರುಗಳು.

● ಪರಿಮಳಕ್ಕೆ ಕಾರಣ 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. ಇದು ವೆನಿಲಿನ್‌ನ ಸಮಾಂಗಿ. ಸೂಕ್ಷ್ಮಾಣುಗಳನ್ನು ತಡೆಯುವ ಗುಣವೂ ಇದೆ.

● ಬಳಕೆ: ಮೇಲಿನ ಕಂದು ಸಿಪ್ಪೆ ಹೆರೆದು, ನಡುವಿನ ಗಟ್ಟಿ ನಾರು ಎಳೆದು ತೆಗೆದು, ಉಳಿದ ಬಿಳಿ ತಿರುಳನ್ನು ಸಣ್ಣಗೆ ಹೆಚ್ಚಿ ಮಜ್ಜಿಗೆಗೋ ನಿಂಬೆರಸಕ್ಕೋ ಹಾಕಿದರೆ ಉಪ್ಪಿನಕಾಯಿ. ಹಸಿವು ಹೆಚ್ಚಿಸಲು, ರಕ್ತಶುದ್ಧಿಗೆ ಎಂದು ಸಾಂಪ್ರದಾಯಿಕ ವೈದ್ಯದಲ್ಲಿ ಕೊಡುತ್ತಾರೆ.

● ಗೊಂದಲ ಬೇಡ: ಆಯುರ್ವೇದದ ಸಾರಿವಾ ಎಂದರೆ ಸೊಗದೆ ಬೇರು, ಹೆಮಿಡೆಸ್ಮಸ್ ಇಂಡಿಕಸ್. ಅದರ ಬೇರು ಸಪೂರ. ಮಾಗಳಿ ಬೇರು ಅದಕ್ಕೆ ಬದಲಿಯಾಗಿ ಮಾರುಕಟ್ಟೆಗೆ ಬರುತ್ತದೆ, ಹೀಗಾಗಿ ಉಪ್ಪಿನಕಾಯಿಗೂ ಔಷಧಿಗೂ ಎಂದು ಬೇಡಿಕೆ ಎರಡು ಕಡೆಯಿಂದ.

● ಐಯುಸಿಎನ್ ಕೆಂಪು ಪಟ್ಟಿಯಲ್ಲಿ 'ಅಳಿವಿನಂಚಿನ' ವರ್ಗ. ಕಾರಣವನ್ನು ಹೆಸರಿಗಿಂತ ಮೊದಲು ನೆನಪಿಡಿ. ನೆಲ್ಲಿಕಾಯಿ ಕಿತ್ತರೆ ಮರ ಉಳಿಯುತ್ತದೆ, ಮರುವರ್ಷ ಮತ್ತೆ ಕಾಯಿ ಬಿಡುತ್ತದೆ. ಮಾಗಳಿಯಲ್ಲಿ ಬೇಕಾದದ್ದೇ ಬೇರು. ಬುಡಸಮೇತ ಅಗೆದರೆ ಬಳ್ಳಿಯೇ ಹೋಯಿತು. ಬೀಜ ಕಟ್ಟುವ ಮೊದಲೇ ಅಗೆದರೆ ಮುಂದಿನ ಪೀಳಿಗೆಯೂ ಇಲ್ಲ. ಕೆಲವು ಬೇರುಗಳನ್ನಷ್ಟೇ ತೆಗೆದು, ಉಳಿದವನ್ನು ಬಿಟ್ಟು ಮಣ್ಣು ಮುಚ್ಚಿದರೆ ಬಳ್ಳಿ ಚೇತರಿಸಿಕೊಳ್ಳಬಲ್ಲದು. ಹೊಲದ ಬದುವಿನಲ್ಲಿ ಬೆಳೆಸಿದಷ್ಟೂ ಕಾಡಿನ ಮೇಲಿನ ಹೊರೆ ಇಳಿಯುತ್ತದೆ; ನನಗೆ ಹೆಚ್ಚು ಭರವಸೆ ಇರುವುದು ಇದರಲ್ಲೇ.

● ಕಾನೂನು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದು ನಿಂತು, ಅಲ್ಲಿನ ಸೋಲಿಗ ಬುಡಕಟ್ಟಿನವರ ಆದಾಯಕ್ಕೆ ಪೆಟ್ಟು ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯ ಕಿರು ಅರಣ್ಯ ಉತ್ಪನ್ನದ ವ್ಯಾಖ್ಯೆಯಲ್ಲಿ ಔಷಧಿ ಸಸ್ಯ, ಬೇರು, ಗೆಡ್ಡೆ ಸೇರಿವೆ. ಸಂಗ್ರಹದ ಹಕ್ಕು ಸೆಕ್ಷನ್ 3ರಲ್ಲಿದೆ. ಜೀವವೈವಿಧ್ಯ ಕಾಯುವ ಹೊಣೆ ಸೆಕ್ಷನ್ 5ರಲ್ಲಿದೆ. ಎರಡನ್ನೂ ಒಟ್ಟಿಗೇ ಬರೆಯಿರಿ.