ಪೆಟ್ಟು ತಿಂದ ಕಾರು, ಪೆಟ್ಟು ತಿಂದ ನಾನು

ಹಾಸನದಲ್ಲಿ ನನ್ನದೊಂದು ಕಾರಿನ ಬಿಡಿಭಾಗಗಳ ಅಂಗಡಿ. ಬಂಪರ್, ಹೆಡ್‌ಲೈಟ್, ಫೆಂಡರ್ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಎಲ್ಲೋ ಗುದ್ದಿಸಿಕೊಂಡು ಬಂದವರೇ. ಶಿರಾಡಿ ಘಾಟಿಯ ರಸ್ತೆ ನಮ್ಮೂರ ಮೇಲೇ ಹಾದು ಹೋಗುವುದರಿಂದ ಮಳೆಗಾಲದಲ್ಲಿ ವ್ಯಾಪಾರ ಚುರುಕು. ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ. ಇದೊಂದೇ ಅರ್ಹತೆ ನೋಡಿ ನೆಂಟರಿಷ್ಟರು "ಸೆಕೆಂಡ್ ಹ್ಯಾಂಡ್ ಗಾಡಿಯೊಂದು ನೋಡಿದೀವಿ, ಸ್ವಲ್ಪ ಬಂದು ಕಣ್ಣು ಹಾಯಿಸಿ" ಎಂದು ಕರೆಯುತ್ತಾರೆ. ಹೋಗುತ್ತೇನೆ. ಕೆಲವು ಸಲ ನಾನು ಹೇಳಿದ್ದು ಸರಿಯಾಗಿದೆ, ಕೆಲವರು ನನ್ನ ಮಾತು ನಂಬಿ ಕೈಸುಟ್ಟುಕೊಂಡಿದ್ದಾರೆ. ಎಲ್ಲರಿಗಿಂತ ಮೊದಲು ಸುಟ್ಟುಕೊಂಡವನು ನಾನೇ.

1. "ಆಕ್ಸಿಡೆಂಟ್ ಆಗಿದೆಯಾ?" ಎಂದಷ್ಟೇ ಕೇಳಿ ಸುಮ್ಮನಾಗಬೇಡಿ

ನಾನು ಕೊಂಡ ಮೊದಲ ಹಳೇ ಕಾರು ಬೆಂಗಳೂರಿನದು. ಬೆಳ್ಳಿ ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳಪು. "ಆಕ್ಸಿಡೆಂಟ್ ಏನಾದ್ರೂ?" ಎಂದೆ. "ಹಿಂದೆ ಸಣ್ಣ ಟಚಪ್ ಅಷ್ಟೇ ಸಾರ್, ಬೇಕಾದ್ರೆ ಬರ್ದು ಕೊಡ್ತೀನಿ" ಎಂದ ಬ್ರೋಕರ್. ಬರೆದು ಕೊಡುತ್ತೇನೆ ಎಂದವನ ಹತ್ತಿರ ಯಾರಾದರೂ ಬರೆಸಿಕೊಳ್ಳುತ್ತಾರೆಯೇ? ನಾನೂ ಬರೆಸಿಕೊಳ್ಳಲಿಲ್ಲ. ಮೊದಲ ಮಳೆಗೆ ಡಿಕ್ಕಿಯಿಂದ ಮುಗ್ಗಲು ವಾಸನೆ ಬಂತು. ಕಾರ್ಪೆಟ್ ಎತ್ತಿ ಸ್ಟೆಪ್ನಿ ತೆಗೆದರೆ ಕೆಳಗೆ ನೀರು ನಿಂತಿದೆ. ಅದನ್ನು ಬಟ್ಟೆಯಲ್ಲಿ ಹೀರಿ ತೆಗೆದ ಮೇಲೆ ಕಂಡದ್ದು ಸುಕ್ಕುಗಟ್ಟಿದ ತಗಡು, ಅದರ ಅಂಚಿಗೆ ಗಂಟುಗಂಟಾದ ವೆಲ್ಡಿಂಗು, ಮೇಲೆ ದಪ್ಪನೆಯ ಕಪ್ಪು ಬಣ್ಣ. ಲಾರಿಯೋ ಬಸ್ಸೋ ಹಿಂದಿನಿಂದ ಗುದ್ದಿ, ಇಡೀ ಹಿಂಭಾಗವನ್ನು ಎಳೆದು ಕೂರಿಸಿದ್ದರು.

ಈಗ ಬೇರೆಯದನ್ನೇ ಕೇಳುತ್ತೇನೆ. ಎಲ್ಲಿ ಹೊಡೆದಿತ್ತು? ಯಾವ ಭಾಗ ಹೊಸದು ಹಾಕಿಸಿದಿರಿ, ಯಾವುದನ್ನು ಬಡಿದು ಸರಿಮಾಡಿಸಿದಿರಿ? ಬಿಲ್ ಇದೆಯಾ? ಹೌದು, ಇಲ್ಲ ಎನ್ನುವುದು ಸುಲಭ. ಇವಕ್ಕೆ ಸುಳ್ಳು ಹೇಳಬೇಕಾದರೆ ಸ್ವಲ್ಪ ಯೋಚಿಸಬೇಕಾಗುತ್ತದೆ, ಆಗ ಮುಖ ನೋಡಿದರೆ ಅರ್ಧ ಗೊತ್ತಾಗುತ್ತದೆ.

2. ಬೋಲ್ಟ್ ಹಾಕಿದ ಭಾಗಕ್ಕೆ ಹೆದರಬೇಡಿ, ವೆಲ್ಡ್ ಮಾಡಿದ್ದಕ್ಕೆ ಹೆದರಿ

ಬೆಳ್ಳಿ ಕಾರಿನ ನಂತರ ನನ್ನ ಬುದ್ಧಿ ಇನ್ನೊಂದು ತುದಿಗೆ ಹೋಯಿತು. ಎಲ್ಲಿ ಹೊಸ ಬಣ್ಣ ಕಂಡರೂ "ಬೇಡ" ಎನ್ನತೊಡಗಿದೆ. ನನ್ನ ಷಡ್ಡಕರು ಅರಸೀಕೆರೆಯ ನಿವೃತ್ತ ಮೇಷ್ಟ್ರೊಬ್ಬರ ಕಾರನ್ನು ಮಾತಾಡಿದ್ದರು. ಎಡಗಡೆ ಫೆಂಡರ್ ಬದಲಾಗಿದೆ, ಬಾಗಿಲಿಗೆ ಬಣ್ಣ ಆಗಿದೆ ಎಂದು ಮೇಷ್ಟ್ರೇ ಬಿಲ್ ತೋರಿಸಿದ್ದರು. ನಾನು ದೊಡ್ಡ ಮನುಷ್ಯನಂತೆ ತಲೆಯಾಡಿಸಿ ಬಿಡಿಸಿಬಿಟ್ಟೆ. ಅದನ್ನು ಕೊಂಡವರು ಅದೇ ಬೀದಿಯವರು, ಗಾಡಿ ಇವತ್ತಿಗೂ ಚೊಕ್ಕವಾಗಿ ಓಡುತ್ತಿದೆ. ಯಾವುದೇ ಮದುವೆಯಲ್ಲಿ ಎಲೆ ಮುಂದೆ ಕೂತರೂ ಷಡ್ಡಕರು ಅದನ್ನು ಜ್ಞಾಪಿಸದೆ ಏಳುವುದಿಲ್ಲ.

ಆಮೇಲೆ ನಮ್ಮ ಅಂಗಡಿಗೆ ಬರುವ ಟಿಂಕರ್ ಮೇಸ್ತ್ರಿಯೊಬ್ಬರು ಪಕ್ಕ ನಿಲ್ಲಿಸಿಕೊಂಡು ತೋರಿಸಿಕೊಟ್ಟರು. ಈಗಿನ ಸಣ್ಣ ಕಾರುಗಳಿಗೆ ಬೇರೆ ಚಾಸಿ ಎಂಬುದಿಲ್ಲ, ಮೈಯೇ ಚಾಸಿ. ಬಂಪರ್, ಬಾನೆಟ್, ಮುಂದಿನ ಫೆಂಡರ್, ಬಾಗಿಲುಗಳು ಬೋಲ್ಟಿನಲ್ಲಿ ಕೂತಿರುತ್ತವೆ. ಬಿಚ್ಚಿ ಹೊಸದು ಹಾಕಿದರೆ ಗಾಡಿಯ ಗಟ್ಟಿತನಕ್ಕೆ ಏನೂ ಆಗುವುದಿಲ್ಲ. ಆದರೆ ಮುಂದಿನ ಫೆಂಡರಿನ ಒಳಗಿನ ತಗಡಾದ ಏಪ್ರನ್, ಎಂಜಿನ್ನಿನ ಎರಡೂ ಬದಿಯಲ್ಲಿ ಮುಂದಕ್ಕೆ ಚಾಚಿದ ಉಕ್ಕಿನ ತೊಲೆಗಳು, ಪಿಲ್ಲರ್‌ಗಳು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡು, ಡಿಕ್ಕಿಯ ತಳ, ಇವೆಲ್ಲ ಕಾರ್ಖಾನೆಯಲ್ಲೇ ವೆಲ್ಡ್ ಆಗಿ ಬಂದವು. ಗುದ್ದಿದಾಗ ಎಷ್ಟು ಮಡಚಬೇಕು, ಎಲ್ಲಿ ಮಡಚಬಾರದು ಎಂಬ ಲೆಕ್ಕದಲ್ಲಿ ಮಾಡಿರುತ್ತಾರೆ. ಒಮ್ಮೆ ಮಡಚಿ, ಗ್ಯಾಸಿನಲ್ಲಿ ಕಾಯಿಸಿ ನೇರ ಮಾಡಿದ ಉಕ್ಕಿನಲ್ಲಿ ಆ ಲೆಕ್ಕ ಉಳಿಯುವುದಿಲ್ಲ.

ನೋಡುವುದು ಕಷ್ಟವಲ್ಲ. ಬಾಗಿಲು ತೆಗೆದು ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಮೆಲ್ಲಗೆ ಎಳೆಯಿರಿ, ಕೈಗೆ ಬರುತ್ತದೆ. ಒಳಗಿನ ತಗಡಿನ ಅಂಚಿನಲ್ಲಿ ಸ್ಪಾಟ್ ವೆಲ್ಡಿನ ದುಂಡನೆಯ ಗುಳಿಗಳು ಹೆಚ್ಚುಕಮ್ಮಿ ಸಮ ಅಂತರದಲ್ಲಿ ಸಾಲಾಗಿ ಕಾಣಬೇಕು. ಆ ಸಾಲು ನಡುವೆ ಮಾಯವಾಗಿದ್ದರೆ, ಅಥವಾ ಅಲ್ಲಿ ಪುಟ್ಟಿ ಮೆತ್ತಿದ್ದರೆ, ಆ ಪಿಲ್ಲರ್ ಪೆಟ್ಟು ತಿಂದಿದೆ. ಬಲಕ್ಕೂ ಎಡಕ್ಕೂ ಹೋಲಿಸಿ ನೋಡಿ, ಎರಡೂ ಕಡೆ ಒಂದೇ ರೀತಿ ಗುದ್ದಿರುವ ಗಾಡಿ ಅಪರೂಪ. ಬೊಲೆರೋ, ಇನ್ನೋವಾದಂಥ ಚಾಸಿ ಇರುವ ಗಾಡಿಗಳಾದರೆ ಲಿಫ್ಟಿಗೆ ಏರಿಸಿ ಚಾಸಿಯನ್ನೇ ಉದ್ದಕ್ಕೂ ನೋಡಬೇಕು.

3. ಬಾನೆಟ್ಟಿನ ಹೊಳಪಿಗಿಂತ ಅದರ ಬೋಲ್ಟ್ ಹೆಚ್ಚು ಮಾತಾಡುತ್ತದೆ

ಬಹಳಷ್ಟು ಕಾರುಗಳಲ್ಲಿ ಬಾನೆಟ್ಟಿನ ಹಿಂಜಿನ ಬೋಲ್ಟುಗಳಿಗೂ ಮೈಬಣ್ಣವೇ ಬಳಿದಿರುತ್ತದೆ. ಸ್ಪ್ಯಾನರ್ ಬಿದ್ದರೆ ಮೂಲೆಯ ಬಣ್ಣ ಎದ್ದು ಲೋಹ ಕಾಣುತ್ತದೆ. ಫೆಂಡರಿನ ಬೋಲ್ಟೂ ಅಷ್ಟೆ. ಗಾಜುಗಳ ಮೂಲೆಯಲ್ಲಿ ತಯಾರಾದ ವರ್ಷದ ಗುರುತಿರುತ್ತದೆ. ಮೂರು ಬಾಗಿಲಿನದು ಒಂದು ವರ್ಷ, ನಾಲ್ಕನೆಯದು ಬೇರೆ ಎಂದರೆ ಕಾರಣ ಕೇಳಿ. ಮುಂದಿನ ಗಾಜು ಮಾತ್ರ ಬದಲಾಗಿದ್ದರೆ ಕಲ್ಲು ಸಿಡಿದಿರಬಹುದು, ಅದಕ್ಕೆ ಗಾಬರಿ ಬೇಡ.

ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ಬಂದಾಗ ನಾನೂ ಒಂದು ಕೊಂಡೆ. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನಿನ ಆಸುಪಾಸು, ಮತ್ತೆ ಬಣ್ಣ ಹೊಡೆದಿದ್ದರೆ 200 ದಾಟುತ್ತದೆ, ಪುಟ್ಟಿ ತುಂಬಿದ್ದರೆ 500 ದಾಟಿ ಸಾವಿರಕ್ಕೂ ಹೋಗುತ್ತದೆ. ಮೊದಲ ದಿನ ಅದನ್ನು ಬ್ರೋಕರ್ ಎದುರಿಗೆ ಜಂಬದಿಂದ ತೆಗೆದು ಬಂಪರಿಗೆ ಒತ್ತಿದೆ. ಮೀಟರ್ ಏನೂ ತೋರಿಸಲಿಲ್ಲ. ಇನ್ನೊಮ್ಮೆ ಒತ್ತಿದೆ. "ಸಾರ್, ಬಂಪರ್ ಪ್ಲಾಸ್ಟಿಕ್ ಅಲ್ವಾ" ಎಂದ ಅವನು. ದಿನವೂ ಬಂಪರ್ ಮಾರುವ ನನಗೆ ಅದು ಹೊಳೆದಿರಲಿಲ್ಲ! ಮೀಟರ್ ಇಲ್ಲದವರು ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದರೂ ನಡೆಯುತ್ತದೆ. ಪುಟ್ಟಿ ಇರುವ ಕಡೆ ಹಿಡಿತ ಸಡಿಲ. ಯಾವುದಾದರೂ ಸರಿ, ಹಗಲು ಬೆಳಕಿನಲ್ಲಿ, ಒಣಗಿದ ಗಾಡಿಯ ಮೇಲೆ ಮಾಡಿ. ನೀರು ಹೊಡೆದ ಮೈಮೇಲೆ ಎಲ್ಲ ಗಾಡಿಗಳೂ ಹೊಸವೇ.

4. ಏರ್‌ಬ್ಯಾಗ್ ದೀಪ ಆರಿದ್ದರೆ ಸಾಲದು, ಮೊದಲು ಹೊತ್ತಿರಬೇಕು

ಕೀ ತಿರುಗಿಸಿದ ಕೂಡಲೇ ಆ ಕೆಂಪು ದೀಪ ಬಂದು ಕೆಲವು ಸೆಕೆಂಡಿನಲ್ಲಿ ಆರಬೇಕು. ಬರಲೇ ಇಲ್ಲವೆಂದರೆ ಯಾರೋ ಅದರ ಬಾಯಿ ಕಟ್ಟಿದ್ದಾರೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಬುಡದ ಚೀಟಿಯಲ್ಲಿ ತಯಾರಿಕೆಯ ದಿನಾಂಕವನ್ನೂ ನೋಡಿ, ಗಾಡಿಗಿಂತ ಹೊಸದಾಗಿದ್ದರೆ ಕಾರಣ ಕೇಳಿ. ಏರ್‌ಬ್ಯಾಗ್ ಬಿಚ್ಚಿಕೊಂಡ ಗಾಡಿ ಎಂದು ಗೊತ್ತಾದರೆ, ಕಂಪನಿಯದೇ ಹೊಸ ಏರ್‌ಬ್ಯಾಗ್ ಹಾಕಿದ ಬಿಲ್ ಇಲ್ಲದೆ ನಾನು ಮುಂದೆ ಮಾತಾಡುವುದಿಲ್ಲ.

5. ಇನ್ಶೂರೆನ್ಸ್ ಕಾಗದವನ್ನು ಓದಲು ಕಲಿಯಿರಿ

ನಾನು ಬಹಳ ಕಾಲ ಪಾಲಿಸಿಯ ಕೊನೇ ದಿನಾಂಕ ಮಾತ್ರ ನೋಡುತ್ತಿದ್ದೆ. ನೋಡಬೇಕಾದ್ದು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ 20%, ಮುಂದೆ 25, 35, 45, ಐದು ವರ್ಷಕ್ಕೆ 50%. ಒಬ್ಬರೇ ಓಡಿಸಿದ ಐದು ವರ್ಷದ ಗಾಡಿಯಲ್ಲಿ ಬೋನಸ್ ಸೊನ್ನೆ ಎಂದರೆ ಹಿಂದಿನ ವರ್ಷ ಏನೋ ನಡೆದಿದೆ. ಆದರೆ ಅಲ್ಲೇ ತೀರ್ಪು ಕೊಡಬೇಡಿ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ, ಮಾಲೀಕರು ಬದಲಾದರೂ ಬೋನಸ್ ಹೋಗುತ್ತದೆ. ನಾನು ಇದನ್ನು ತಿಳಿಯದೆ ಪಾಪದವರೊಬ್ಬರನ್ನು ಸುಳ್ಳುಗಾರ ಎಂದುಕೊಂಡಿದ್ದೆ.

ಕಂಪನಿ ಸರ್ವೀಸ್ ಸೆಂಟರಿನಲ್ಲಿ ಗಾಡಿ ನಂಬರಿನ ಮೇಲೆ ಬಾಡಿ ಕೆಲಸದ ದಾಖಲೆಯೂ ಇರುತ್ತದೆ. ಮಾಲೀಕರನ್ನು ಜೊತೆಗೆ ಕರೆದುಕೊಂಡೇ ಹೋಗಿ ಕೇಳಿ, ಬರಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ. ರಿಪೇರಿ ಖರ್ಚು ವಿಮೆಯಲ್ಲಿ ತೋರಿಸಿದ ಬೆಲೆಯ 75% ದಾಟಿದರೆ ವಿಮಾ ಕಂಪನಿಯವರು ಟೋಟಲ್ ಲಾಸ್ ಎಂದು ಬರೆಯುತ್ತಾರೆ. ಅಂಥ ಗಾಡಿ ಗುಜರಿ ಸೇರದೆ ಮತ್ತೆ ಬಣ್ಣ ಬಳಿದುಕೊಂಡು ರಸ್ತೆಗೆ ಬಂದದ್ದಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಕೈಮುಗಿದು ಬನ್ನಿ.

6. ಗುದ್ದದಿದ್ದರೂ ನೀರು ಕುಡಿದಿರಬಹುದು

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ದೊಡ್ಡದೊಡ್ಡ ಕಾರುಗಳೇ ಮುಳುಗಿ ನಿಂತಿದ್ದು ನೆನಪಿರಬೇಕು. ಸೀಟಿನ ಕೆಳಗಿನ ಹಳಿಯಲ್ಲಿ ತುಕ್ಕು, ಬೆಲ್ಟಿನ ಕೊನೆಯಲ್ಲಿ ಕೆಸರಿನ ಗೆರೆ ಕಂಡರೆ ಬಿಟ್ಟುಬಿಡಿ. ವಯರಿಂಗ್ ರಿಪೇರಿಗೆ ಕೊನೆ ಮೊದಲಿಲ್ಲ.

7. ಊರೊಳಗೆ ಓಡಿಸಿ ನೋಡಿದ್ದು ಓಡಿಸಿದ ಲೆಕ್ಕವಲ್ಲ

ಬೈಪಾಸಿನಲ್ಲಿ, ನೇರ ರಸ್ತೆಯಲ್ಲಿ ಎಂಬತ್ತರ ವೇಗಕ್ಕೆ ತನ್ನಿ. ಸ್ಟೀರಿಂಗ್ ಹಿಡಿತ ಸ್ವಲ್ಪ ಸಡಿಲಿಸಿದರೆ ಗಾಡಿ ಒಂದು ಕಡೆ ಎಳೆಯುತ್ತದೆಯೇ, ನೇರ ಹೋಗುವಾಗ ಸ್ಟೀರಿಂಗ್ ಓರೆಯಾಗಿದೆಯೇ ನೋಡಿ. "ಅಲೈನ್‌ಮೆಂಟ್ ಮಾಡಿಸಿದ್ರೆ ಸರಿಹೋಗುತ್ತೆ" ಎನ್ನುತ್ತಾರೆ. ಹಾಗಾದರೆ ಕೊಳ್ಳುವ ಮುಂಚೆಯೇ ಮಾಡಿಸೋಣ, ದುಡ್ಡು ನಾನೇ ಕೊಡುತ್ತೇನೆ ಎನ್ನಿ. ಕಂಪ್ಯೂಟರಿನಿಂದ ಬರುವ ಚೀಟಿಯಲ್ಲಿ ಒಂದು ಚಕ್ರದ ಅಳತೆ ಏನು ಮಾಡಿದರೂ ಮಿತಿಯೊಳಗೆ ಬರದಿದ್ದರೆ ಸಸ್ಪೆನ್ಷನ್ ಬಾಗಿದೆ, ಇಲ್ಲವೇ ಅದು ಕೂತ ಜಾಗವೇ ಸರಿದಿದೆ.

8. ಪೂರ್ತಿ ನೋಡುವ ತನಕ ಅಡ್ವಾನ್ಸ್ ಕೊಡಬೇಡಿ

ಇದು ನನಗೆ ಇನ್ನೂ ಪೂರ್ತಿ ಬಂದಿಲ್ಲ. ಆಯುಧಪೂಜೆಗೆ ಗಾಡಿ ಮನೆ ಮುಂದೆ ಇರಬೇಕು ಎಂಬ ಆತುರದಲ್ಲಿ, ತಂಗಿಗೆ ನೋಡಿದ ಕಾರಿಗೆ ಮುಂಗಡ ಕೊಟ್ಟು ಆಮೇಲೆ ತಪಾಸಣೆಗೆ ಹೋದೆ. ದುಡ್ಡು ಕೊಟ್ಟ ಮೇಲೆ ಕಣ್ಣಿಗೆ ದೋಷ ಕಾಣುವುದಿಲ್ಲ, ಕಂಡರೂ ನಾವೇ ಸಮರ್ಥಿಸುತ್ತೇವೆ. ಹೊಸದಾಗಿ ಮೆತ್ತಿದ ಏಪ್ರನ್ ಸೀಲರನ್ನು "ಬಿಸಿಲಿಗೆ ಹಾಗಾಗಿರಬೇಕು" ಎಂದವನು ನಾನೇ. ಮಾರುವಾಗ ಆ ಕಾರನ್ನು ನೋಡಲು ಬಂದವರೆಲ್ಲ ಮೊದಲು ಬೆರಳಿಟ್ಟದ್ದು ಅದೇ ಜಾಗಕ್ಕೆ.

ಹೊಡೆದ ಗಾಡಿಯನ್ನು ಅಗ್ಗಕ್ಕೆ ಕೊಂಡರೆ ಅಗ್ಗಕ್ಕೇ ಮಾರಬೇಕು. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ನಷ್ಟವಲ್ಲ. ಪೆಟ್ಟು ಬೋಲ್ಟಿನ ಭಾಗಕ್ಕಷ್ಟೇ ಬಿದ್ದಿದೆ, ಬಿಲ್ ಇದೆ, ಏರ್‌ಬ್ಯಾಗ್ ಬಿಚ್ಚಿಲ್ಲ, ಬೆಲೆಯೂ ಅದಕ್ಕೆ ತಕ್ಕಂತಿದೆ ಎಂದರೆ ನಾನೇ ಕೊಳ್ಳುತ್ತೇನೆ. ಈಗ ಓಡಿಸುತ್ತಿರುವುದೂ ಅಂಥದ್ದನ್ನೇ. ಕೊಂಡ ಮೇಲೆ ಆರ್‌ಸಿಯ ಜೊತೆಗೆ ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಇಲ್ಲದಿದ್ದರೆ ಮುಂದಿನ ಸಲ ನೀವೇ ಎಲ್ಲಾದರೂ ಗುದ್ದಿದಾಗ ನಿಮ್ಮ ಗಾಡಿಯ ರಿಪೇರಿಗೆ ಕ್ಲೇಮ್ ಸಿಗುವುದು ಕಷ್ಟ.