ಅಶ್ವಶಕ್ತಿ ಎಣಿಸಿ ಕಾರು ಕೊಳ್ಳಬೇಡಿ: ಮಸಲ್ ಕಾರು ಆರಿಸಲು ಎಂಟು ಸೂತ್ರಗಳು

ಅಮೆರಿಕದ ಮಸಲ್ ಕಾರುಗಳ ಮಾತು ಬಂದರೆ ಮೂರು ಹೆಸರು ತಪ್ಪುವುದಿಲ್ಲ: ಫೋರ್ಡ್ ಮಸ್ಟ್ಯಾಂಗ್, ಷೆವರ್ಲೆ ಕಮಾರೊ, ಡಾಡ್ಜ್ ಚಾಲೆಂಜರ್. ಮೂರಕ್ಕೂ ಎರಡೇ ಬಾಗಿಲು. ಅಭಿಮಾನಿಗಳು ಆಸೆಪಡುವ ಮಾದರಿಗಳಲ್ಲಿ ಬಾನೆಟ್ ಕೆಳಗೆ ವಿ8 ಎಂಜಿನ್, ಎಳೆತವೆಲ್ಲ ಹಿಂದಿನ ಚಕ್ರಕ್ಕೆ. ಇಷ್ಟೆಲ್ಲ ಹೋಲಿಕೆ ಇದ್ದರೂ ಓಡಿಸಲು ಕೂತರೆ ಮೂರರ ಸ್ವಭಾವವೂ ಬೇರೆ. ‘ಯಾವುದು ಶ್ರೇಷ್ಠ’ ಎಂದು ಕೇಳಿದರೆ ವಾದ ಮುಗಿಯುವುದಿಲ್ಲ. ‘ನನ್ನ ಓಡಾಟಕ್ಕೆ ಯಾವುದು’ ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

1. ಮೊದಲು ರಸ್ತೆ, ಆಮೇಲೆ ಕಾರು

ನಿಮ್ಮ ಖುಷಿ ಎಲ್ಲಿದೆ? ಕಾಲು ಮೈಲಿಯ ಡ್ರ್ಯಾಗ್ ಓಟದಲ್ಲೋ, ತಿರುವುಗಳ ಟ್ರ್ಯಾಕಿನಲ್ಲೋ, ಗಂಟೆಗಟ್ಟಲೆ ಸಾಗುವ ಹೆದ್ದಾರಿಯಲ್ಲೋ? ಇದನ್ನು ಮೊದಲು ತೀರ್ಮಾನಿಸಿ. ಚಾಲೆಂಜರ್ ಕಂಬಳದ ಕೋಣದ ಹಾಗೆ, ನೇರ ಓಟದಲ್ಲಿ ಅದಕ್ಕೆ ಮೈಯೆಲ್ಲ ಹುರುಪು. 2016ರ ಮಾದರಿಯಿಂದ ಬಂದ ಆರನೇ ಪೀಳಿಗೆಯ ಕಮಾರೊ, ಕ್ಯಾಡಿಲಾಕ್ ಎಟಿಎಸ್ ಜೊತೆ ಹಂಚಿಕೊಂಡ ಹಗುರ ತಳಹದಿಯ ಬಲದಿಂದ ತಿರುವಿನಲ್ಲಿ ಮಿಂಚುತ್ತದೆ. ಮಸ್ಟ್ಯಾಂಗ್ ಎರಡನ್ನೂ ಒಂದು ಮಟ್ಟಕ್ಕೆ ನಿಭಾಯಿಸುತ್ತದೆ.

2. ಶಕ್ತಿಯನ್ನು ತೂಕದಿಂದ ಭಾಗಿಸಿ

ಚಾಲೆಂಜರ್ ಸ್ಕ್ಯಾಟ್ ಪ್ಯಾಕ್‌ಗೆ 485 ಅಶ್ವಶಕ್ತಿ, ಕಮಾರೊ ಎಸ್‌ಎಸ್‌ಗೆ 455. ಇಷ್ಟೇ ನೋಡಿದರೆ ಚಾಲೆಂಜರ್ ಗೆದ್ದಿತು. ಈಗ ತೂಕ ನೋಡಿ: ಚಾಲೆಂಜರ್ ಸುಮಾರು 1,900 ಕಿಲೊ, ಕಮಾರೊ ಸುಮಾರು 1,700. ಪ್ರತಿ ಟನ್ನಿಗೆ ಲೆಕ್ಕ ಹಾಕಿದರೆ ಚಾಲೆಂಜರ್‌ಗೆ 255ರ ಆಸುಪಾಸು, ಕಮಾರೊಗೆ 268ರ ಆಸುಪಾಸು. ಹೆಚ್ಚುವರಿ ಎರಡು ಕ್ವಿಂಟಲ್ ಭಾರವನ್ನು ಪ್ರತಿ ಬ್ರೇಕಿನಲ್ಲೂ ಪ್ರತಿ ತಿರುವಿನಲ್ಲೂ ಹೊರಬೇಕಾದವು ಟೈರು, ಬ್ರೇಕ್ ಪ್ಯಾಡುಗಳೇ. ಅವುಗಳ ಬಿಲ್ ಕಟ್ಟಬೇಕಾದವರು ನೀವು.

3. ಶಕ್ತಿ ಯಾವಾಗ ಬರುತ್ತದೆ ಎಂದು ಕೇಳಿ

ಮಸ್ಟ್ಯಾಂಗ್ ಜಿಟಿಯ 5.0 ಲೀಟರ್ ‘ಕಯೋಟಿ’ ಎಂಜಿನ್ನಿಗೆ ನಾಲ್ಕು ಕ್ಯಾಮ್‌ಶಾಫ್ಟ್, ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್. 7,000 ಆರ್‌ಪಿಎಂ ದಾಟಿದರೂ ಅದಕ್ಕೆ ದಣಿವಿಲ್ಲ. ಆದರೆ ಪೂರ್ತಿ ರುಚಿ ಬೇಕೆಂದರೆ ಮುಳ್ಳನ್ನು ಮೇಲೆಯೇ ಇಟ್ಟುಕೊಂಡು ಓಡಿಸಬೇಕು. ಕಮಾರೊದ 6.2 ಲೀಟರ್, ಚಾಲೆಂಜರಿನ 6.4 ಲೀಟರ್ ಎಂಜಿನ್‌ಗಳು ಹಳೆಯ ಪುಷ್‌ರಾಡ್ ಪದ್ಧತಿಯವು. ಆಕ್ಸಿಲರೇಟರ್ ಮುಟ್ಟಿದ ಕೂಡಲೇ, ಕಡಿಮೆ ಆರ್‌ಪಿಎಂನಲ್ಲೇ ಬೆನ್ನು ಸೀಟಿಗೆ ಅಂಟಿಸುತ್ತವೆ. ಊರೊಳಗಿನ ಓಡಾಟಕ್ಕೆ ಈ ಗುಣ ಹೆಚ್ಚು ಸುಖ.

4. ಹೆಸರು ನೋಡಿ ಮರುಳಾಗಬೇಡಿ, ಪ್ಯಾಕೇಜ್ ಓದಿ

ಒಂದೇ ಹೆಸರಿನಲ್ಲಿ ಹತ್ತು ಕಾರು ಅಡಗಿರುತ್ತವೆ. 305 ಅಶ್ವಶಕ್ತಿಯ ವಿ6 ಕೂಡ ಚಾಲೆಂಜರ್, ಇ85 ಇಂಧನ ಹಾಕಿದರೆ 1,025 ಅಶ್ವಶಕ್ತಿ ಕೊಡುವ ‘ಡೀಮನ್ 170’ ಕೂಡ ಚಾಲೆಂಜರ್. ಟ್ರ್ಯಾಕಿಗೆ ಹೋಗುವವರು ಕಮಾರೊದಲ್ಲಿ ‘1ಎಲ್‌ಇ’ ಎಂಬ ಗುರುತು ಹುಡುಕಬೇಕು. ಬಿಗಿಯಾದ ಸಸ್ಪೆನ್ಷನ್, ದೊಡ್ಡ ಬ್ರೇಕ್, ಹೆಚ್ಚು ಹಿಡಿತದ ಟೈರು ಆ ಗುರುತಿನ ಹಿಂದಿವೆ. 650 ಅಶ್ವಶಕ್ತಿಯ ಜಡ್‌ಎಲ್1 1ಎಲ್‌ಇ 2017ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಸುತ್ತನ್ನು 7 ನಿಮಿಷ 16 ಸೆಕೆಂಡಿನಲ್ಲಿ ಮುಗಿಸಿತು. ಮಸ್ಟ್ಯಾಂಗಿನಲ್ಲಿ ಆ ಜಾಗಕ್ಕೆ 500 ಅಶ್ವಶಕ್ತಿಯ ‘ಡಾರ್ಕ್ ಹಾರ್ಸ್’ ಇದೆ.

ಭಾರತಕ್ಕೆ 2016ರಲ್ಲಿ ಬಲಗಡೆ ಸ್ಟೀರಿಂಗಿನೊಂದಿಗೆ ಅಧಿಕೃತವಾಗಿ ಬಂದ ಮಸ್ಟ್ಯಾಂಗ್ ಜಿಟಿ ಆಟೊಮ್ಯಾಟಿಕ್ ಗೇರಿನದು, ಶಕ್ತಿ 400ರ ಆಸುಪಾಸು. ಬೆಂಗಳೂರಿನಲ್ಲಿ ಅದನ್ನು ಓಡಿಸಿದವರು ಅದೇ ಅನುಭವದ ಮೇಲೆ ಅಮೆರಿಕದ ಜಿಟಿಯನ್ನು ಅಳೆಯಬಾರದು.

5. ಕೂತು ನೋಡಿ, ಹಿಂದೆ ತಿರುಗಿಯೂ ನೋಡಿ

ಕಮಾರೊದ ಕಿಟಕಿಗಳು ಎಷ್ಟು ಸಣ್ಣವೆಂದರೆ ಲೇನ್ ಬದಲಿಸುವುದೇ ಒಂದು ಸಾಹಸ. ಹಿಂದಿನ ಸೀಟು ಚೀಲ ಇಡಲು ಸರಿ. ಚಾಲೆಂಜರಿನಲ್ಲಿ ಐದು ಜನಕ್ಕೆ ಸೀಟು ಬೆಲ್ಟ್ ಇದೆ, ಡಿಕ್ಕಿಯಲ್ಲಿ ಸುಮಾರು 450 ಲೀಟರ್ ಜಾಗವಿದೆ. ಕಮಾರೊದ ಡಿಕ್ಕಿ 260 ಲೀಟರ್ ಕೂಡ ಮುಟ್ಟುವುದಿಲ್ಲ. ಮನೆಯಲ್ಲಿ ಇದೊಂದೇ ಕಾರು ಎಂದಾದರೆ ಈ ಸೂತ್ರವನ್ನು ಎರಡು ಸಲ ಓದಿ.

6. ಟೈರಿಗೂ ಚಳಿಗೂ ದುಡ್ಡು ಎತ್ತಿಡಿ

ಇವುಗಳ ವೇಗದ ಮಾದರಿಗಳು ಹೆಚ್ಚಾಗಿ ಬೇಸಿಗೆ ಟೈರಿನೊಂದಿಗೆ ಬರುತ್ತವೆ. ತಾಪಮಾನ 7 ಡಿಗ್ರಿಗಿಂತ ಕೆಳಗಿಳಿದರೆ ಆ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಮಿಷಿಗನ್‌ನಲ್ಲೋ ಷಿಕಾಗೊದಲ್ಲೋ ಇರುವವರು ಚಳಿಗಾಲದ ಟೈರುಗಳ ಇನ್ನೊಂದು ಸೆಟ್ಟನ್ನು ಕಾರಿನ ಬೆಲೆಯಲ್ಲೇ ಸೇರಿಸಿಕೊಳ್ಳುವುದು ಜಾಣತನ. ಇನ್ಶೂರೆನ್ಸ್ ಕಂತನ್ನೂ ಮುಂಗಡ ಕೊಡುವ ಮೊದಲೇ ಕೇಳಿ. 700 ಅಶ್ವಶಕ್ತಿ ದಾಟಿದ ಚಾಲೆಂಜರ್ ಹೆಲ್‌ಕ್ಯಾಟ್ ಮಾದರಿಗಳ ಮೇಲೆ ಕಳ್ಳರ ಕಣ್ಣು ಜಾಸ್ತಿ.

7. ಹಳೆಯದನ್ನು ಕೊಳ್ಳುವಾಗ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ

ಕಮಾರೊ, ಚಾಲೆಂಜರ್ ಎರಡರ ತಯಾರಿಕೆಯೂ 2023ರ ಡಿಸೆಂಬರಿನಲ್ಲಿ ನಿಂತಿತು. ಈಗ ಅವು ಬೇಕೆಂದರೆ ಸೆಕೆಂಡ್ ಹ್ಯಾಂಡ್ ಗತಿ. ಮಾರುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಚಾಲೆಂಜರಿನ ಹೆಮಿ ಎಂಜಿನ್ ‘ಟಿಕ್ ಟಿಕ್’ ಎನ್ನುತ್ತಲೇ ಇದ್ದರೆ ಲಿಫ್ಟರ್, ಕ್ಯಾಮ್‌ಶಾಫ್ಟ್ ಪರೀಕ್ಷಿಸದೆ ಮುಂದುವರಿಯಬೇಡಿ. ಸರ್ವಿಸ್ ಬಿಲ್ಲು, ಕ್ಲಚ್ಚಿನ ಸ್ಥಿತಿ, ಎಂಜಿನ್ ಟ್ಯೂನ್ ಬದಲಾಗಿದೆಯೇ ಎಂಬುದು, ಇವಿಷ್ಟಕ್ಕೂ ಉತ್ತರ ಬೇಕು. ಮಸ್ಟ್ಯಾಂಗ್ ಆದರೆ 2015 ಅಥವಾ ನಂತರದ್ದು ನೋಡಿ. ಆ ವರ್ಷದಿಂದ ಅದರ ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಬಂದಿದೆ, ಏರುಪೇರಿನ ರಸ್ತೆಯ ತಿರುವಿನಲ್ಲಿ ಹಿಂಭಾಗ ಕುಪ್ಪಳಿಸುವುದು ಕಡಿಮೆಯಾಗಿದೆ.

8. ಕೊಳ್ಳುವ ಮೊದಲು ಬಾಡಿಗೆಗೆ, ಕೊಂಡ ಮೇಲೆ ಪಾಠಕ್ಕೆ

ಬಾಡಿಗೆಗೆ ಮಸಲ್ ಕಾರು ಸಿಗುವುದು ಅಮೆರಿಕದಲ್ಲಿ ಹೊಸತಲ್ಲ. 1966ರಲ್ಲೇ ಹರ್ಟ್ಜ್ ಕಂಪನಿ ಶೆಲ್ಬಿ ಜಿಟಿ350ಎಚ್ ಮಸ್ಟ್ಯಾಂಗನ್ನು ಬಾಡಿಗೆಗೆ ಬಿಟ್ಟಿತ್ತು. ಶೋರೂಮಿನ ಹತ್ತು ನಿಮಿಷದ ಸುತ್ತಾಟಕ್ಕಿಂತ ಟ್ರಾಫಿಕ್ಕು, ಮಳೆ, ಪಾರ್ಕಿಂಗ್ ಎಲ್ಲ ಸೇರಿದ ಒಂದು ವಾರಾಂತ್ಯ ಹೆಚ್ಚು ಕಲಿಸುತ್ತದೆ. ಕೊಂಡ ಮೇಲೆ ಡ್ರೈವಿಂಗ್ ಶಾಲೆಯ ಒಂದು ದಿನದ ತರಬೇತಿಗೆ ಖರ್ಚು ಮಾಡಿ. ಟೈರು ತಣ್ಣಗಿರುವಾಗ, ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಬೀದಿಯಲ್ಲಿ ಶೋಕಿ ತೋರಿಸಲು ಹೋದ ಕಾರುಗಳು ಕೊನೆಗೆ ಫುಟ್‌ಪಾತ್ ಹತ್ತುತ್ತವೆ.

ಒಟ್ಟು ಲೆಕ್ಕ ಇಷ್ಟು: ನೇರ ಓಟ, ದೂರ ಪ್ರಯಾಣ, ಜೊತೆಗೆ ಸಂಸಾರ ಇದ್ದರೆ ಸ್ಕ್ಯಾಟ್ ಪ್ಯಾಕ್. ವಾರಾಂತ್ಯವೆಲ್ಲ ಟ್ರ್ಯಾಕಿನಲ್ಲೇ ಕಳೆಯುವವರಿಗೆ ಕಮಾರೊ ಎಸ್‌ಎಸ್ 1ಎಲ್‌ಇ. ಹೊಸ ಕಾರು, ವಿ8 ಸದ್ದು, ಎಡಗಾಲಿಗೆ ಕ್ಲಚ್, ಮೂರೂ ಒಟ್ಟಿಗೆ ಬೇಕೆನ್ನುವವರಿಗೆ ಈ ಮೂವರಲ್ಲಿ ಉಳಿದಿರುವುದು ಮಸ್ಟ್ಯಾಂಗ್ ಒಂದೇ.