ಬೆಳೆ ಕಟಾವು ಪ್ರಯೋಗ: ಐದು ಮೀಟರು ಚೌಕದ ಲೆಕ್ಕ

ಬೆಳೆ ವಿಮೆಯ ಪರಿಹಾರ ಏಕೆ ಬಂದಿತು, ಏಕೆ ಬರಲಿಲ್ಲ ಎಂಬ ಚರ್ಚೆ ಪ್ರತಿ ಸುಗ್ಗಿಯ ನಂತರ ಹಳ್ಳಿಗಳಲ್ಲಿ ನಡೆಯುವುದುಂಟು. ಇಳುವರಿ ಆಧಾರಿತ ವಿಮೆಯಲ್ಲಿ ಇದರ ಉತ್ತರ ಬಹುಮಟ್ಟಿಗೆ 25 ಚದರ ಮೀಟರಿನ ಕೆಲವೇ ತುಂಡುಗಳಲ್ಲಿರುತ್ತದೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ (2016) ಮುಖ್ಯ ಬೆಳೆಗಳಿಗೆ ಒಂದು ಗ್ರಾಮ ಪಂಚಾಯತಿಗೆ ಕನಿಷ್ಠ ನಾಲ್ಕು ಕಟಾವು ಪ್ರಯೋಗಗಳು ನಡೆಯಬೇಕು. ಆ ನಾಲ್ಕರ ಸರಾಸರಿಯೇ ಪಂಚಾಯತಿಯ ಎಲ್ಲ ವಿಮೆದಾರರ ಇಳುವರಿ ಎಂದು ಪರಿಗಣಿಸಲಾಗುತ್ತದೆ.

ಹಿಂದೆ ಕಂದಾಯ ಅಧಿಕಾರಿಗಳು ಪೈರನ್ನು ಕಣ್ಣಿನಿಂದ ನೋಡಿ, ಹದಿನಾರಾಣೆಗೆ ಇಷ್ಟು ಆಣೆ ಬೆಳೆ ಎಂದು ಆಣೆವಾರಿ ಬರೆಯುತ್ತಿದ್ದರು. ಅಂದಾಜು ಮಾಡುವವನ ಮನಸ್ಸಿನಂತೆ ಅಂಕಿಯೂ ಬದಲಾಗುತ್ತಿತ್ತು. ಇದಕ್ಕೆ ಬದಲಾಗಿ ಹಬಕ್ ಎಂಬ ಆಡಳಿತಾಧಿಕಾರಿ 1920ರ ದಶಕದಲ್ಲಿ ಬಿಹಾರ ಮತ್ತು ಒರಿಸ್ಸಾ ಪ್ರಾಂತ್ಯದಲ್ಲಿ, ಚೀಟಿ ಎತ್ತಿದಂತೆ ಸಿಕ್ಕಿದ ಸ್ಥಳಗಳಲ್ಲಿ ಭತ್ತ ಕೊಯ್ದು ತೂಗುವ ಪದ್ಧತಿಯನ್ನು ಆರಂಭಿಸಿದನು. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಅವರು 1937ರಿಂದ ಬಂಗಾಳದ ಸೆಣಬಿನ ಬೆಳೆಯಲ್ಲಿ ಈ ವಿಧಾನವನ್ನು ಬೆಳೆಸಿದರು.

ತುಂಡು ಎಷ್ಟು ದೊಡ್ಡದಿರಬೇಕು? 1940ರ ದಶಕದಲ್ಲಿ ಇದೇ ದೊಡ್ಡ ವಾದವಾಯಿತು. ಮಹಾಲನೋಬಿಸ್ ಅವರು ಚಿಕ್ಕ ತುಂಡುಗಳ ಪರ, ಪಿ. ವಿ. ಸುಖಾತ್ಮೆ ಅವರು ಚಿಕ್ಕ ತುಂಡಿನಲ್ಲಿ ಇಳುವರಿ ಹೆಚ್ಚಾಗಿ ಕಾಣುತ್ತದೆಂದು ಗೋಧಿಯಲ್ಲಿ ತೋರಿಸಿದರು. ಕಾರಣ ಸರಳ. ಕೊಯ್ಯುವವನ ಕೈ ಅಂಚಿನ ಗಿಡವನ್ನು ಒಳಗೆ ಸೇರಿಸಿಕೊಳ್ಳುತ್ತದೆ. 60 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ಸುತ್ತಲೂ 5 ಸೆಂ.ಮೀ. ಹೆಚ್ಚು ಕೊಯ್ದರೆ ಕ್ಷೇತ್ರ ಶೇಕಡ 17ರಷ್ಟು ಹೆಚ್ಚುತ್ತದೆ. 5 ಮೀಟರು ಚೌಕದಲ್ಲಿ ಅದೇ ತಪ್ಪಿನಿಂದ ಹೆಚ್ಚುವುದು ಶೇಕಡ 4 ಮಾತ್ರ. ಆದ್ದರಿಂದ ನಮ್ಮಲ್ಲಿ ರಾಗಿ, ಭತ್ತ ಮುಂತಾದ ಬೆಳೆಗಳಿಗೆ 5 ಮೀಟರು ಚೌಕ ಬಳಕೆಯಲ್ಲಿದೆ.

ವಿಮೆಯ ಚಿಂತನೆಯಲ್ಲಿ ಮೈಸೂರಿಗೂ ಪಾಲಿದೆ. ಮೈಸೂರು ಸಂಸ್ಥಾನದ ಅಧಿಕಾರಿ ಜೆ. ಎಸ್. ಚಕ್ರವರ್ತಿ ಅವರು 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಬ್ಬೊಬ್ಬರ ಹೊಲದ ನಷ್ಟ ಅಳೆಯುವ ಬದಲು ಮಳೆಮಾಪಕದ ಅಂಕಿಯ ಮೇಲೆ ಪರಿಹಾರ ಕೊಡಬಹುದೆಂದು ಸೂಚಿಸಿದ್ದರು. ವಿ. ಎಂ. ದಾಂಡೇಕರ್ ಅವರು 1976ರಲ್ಲಿ ಪ್ರದೇಶದ ಸರಾಸರಿ ಇಳುವರಿಯನ್ನು ಆಧಾರವಾಗಿ ಮುಂದಿಟ್ಟರು. 1985ರ ಸಮಗ್ರ ಬೆಳೆ ವಿಮಾ ಯೋಜನೆ ಈ ತಳಹದಿಯ ಮೇಲೆ ಬಂದಿತು.

ಒಂದು ತುಂಡು ಸರಿದರೆ

ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯನ್ನು ನಿಗದಿಯಾದ ಪರಿಹಾರ ಮಟ್ಟದಿಂದ (ಶೇಕಡ 70, 80 ಅಥವಾ 90) ಗುಣಿಸಿದರೆ ಪ್ರಾರಂಭಿಕ ಇಳುವರಿ ಸಿಗುತ್ತದೆ. ಇದಕ್ಕಿಂತ ಈ ವರ್ಷದ ಇಳುವರಿ ಎಷ್ಟು ಭಾಗ ಕಡಿಮೆಯೋ, ವಿಮಾ ಮೊತ್ತದ ಅಷ್ಟು ಭಾಗ ಪರಿಹಾರ.

ಉದಾಹರಣೆಗಾಗಿ, ರಾಗಿಯ ಪ್ರಾರಂಭಿಕ ಇಳುವರಿ ಹೆಕ್ಟೇರಿಗೆ 18 ಕ್ವಿಂಟಾಲು, ವಿಮಾ ಮೊತ್ತ 45,000 ರೂ. ಎಂದಿಟ್ಟುಕೊಳ್ಳೋಣ. ನಾಲ್ಕು ತುಂಡುಗಳಿಂದ ಬಂದ ಇಳುವರಿ 14, 15, 13 ಮತ್ತು 16 ಕ್ವಿಂಟಾಲು. ಸರಾಸರಿ 14.5, ಪರಿಹಾರ ಹೆಕ್ಟೇರಿಗೆ 8,750 ರೂ. ಈಗ ಮೂರನೆಯ ತುಂಡನ್ನು ಬಡಕಲು ಪೈರಿನಿಂದ ಸರಿಸಿ, ಕೆರೆಯ ಕೆಳಗಿನ ಹುಲುಸಾದ ಪೈರಿನಲ್ಲಿ ಹಾಕಿದರೆನ್ನಿ. 13ರ ಬದಲು 21 ಬಂದಿತು. ಸರಾಸರಿ 16.5, ಪರಿಹಾರ 3,750 ರೂ. ಒಂದು ತುಂಡು ಸರಿದುದಕ್ಕೆ ಪಂಚಾಯತಿಯ ಪ್ರತಿಯೊಬ್ಬ ವಿಮೆದಾರನಿಗೂ ಹೆಕ್ಟೇರಿಗೆ 5,000 ರೂ. ಕಡಿಮೆಯಾಯಿತು!

ಕೆಲವು ರೈತಬಾಂಧವರು ತದ್ವಿರುದ್ಧವಾಗಿ ಬಡ ಪೈರನ್ನೇ ಕೊಯ್ಯಿರೆಂದು ಒತ್ತಾಯಿಸುತ್ತಾರೆ. ಇದು ಈ ವರ್ಷ ಲಾಭವೆನಿಸಬಹುದು. ಆದರೆ ಈ ಅಂಕಿ ಮುಂದಿನ ಏಳು ವರ್ಷಗಳ ಲೆಕ್ಕದೊಳಗೆ ಹೋಗುವುದರಿಂದ ಪ್ರಾರಂಭಿಕ ಇಳುವರಿಯನ್ನೂ ಕೆಳಗೆಳೆಯಬಹುದು. ಇಂತಹ ಜಾಣತನವನ್ನು ನಾನು ಒಪ್ಪಲಾರೆ.

ಹೊಲದಲ್ಲಿ ಗಮನಿಸಬೇಕಾದುದು

ಸರ್ವೆ ನಂಬರು ಮೊದಲೇ ಆಯ್ಕೆಯಾಗಿರುತ್ತದೆ. ಹೊಲದ ನೈರುತ್ಯ ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂದು ಯಾದೃಚ್ಛಿಕ ಸಂಖ್ಯೆಗಳ ಪ್ರಕಾರ ನಡೆದು ಮೊದಲ ಗೂಟ ನೆಡಬೇಕು. ಅಲ್ಲಿ ಪೈರು ಒಣಗಿದ್ದರೂ ಸರಿ, ಹುಲುಸಾಗಿದ್ದರೂ ಸರಿ, ಗೂಟ ಕದಲಕೂಡದು. ಸ್ಥಳದ ಗುರುತನ್ನು ಈಗ ಮೊಬೈಲಿನಲ್ಲಿ ದಾಖಲಿಸಲಾಗುತ್ತದೆ. ಆದರೆ ಹಗ್ಗ ಬಿಗಿಯಾಗಿದೆಯೇ ಎಂಬುದನ್ನು ಮೊಬೈಲು ಹೇಳದು. ನಾಲ್ಕು ಬದಿಯೂ 5 ಮೀಟರು ಇದ್ದ ಮಾತ್ರಕ್ಕೆ ಚೌಕವಾಗುವುದಿಲ್ಲ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ 7.07 ಮೀಟರು ಬರಬೇಕು. ಇದನ್ನು ಟೇಪು ಹಿಡಿದು ನೀವೇ ನೋಡಬಹುದು. ಬುಡ ಒಳಗಿರುವ ಗಿಡವನ್ನು ಕೊಯ್ಯಬೇಕು. ತೆನೆ ಮಾತ್ರ ಒಳಕ್ಕೆ ಬಾಗಿದ್ದರೆ ಬಿಡಬೇಕು.

ಒಂದು ಹೆಕ್ಟೇರಿನಲ್ಲಿ ಇಂತಹ 400 ತುಂಡುಗಳು. ಆದುದರಿಂದ ತಕ್ಕಡಿಯಲ್ಲಿ 100 ಗ್ರಾಂ ವ್ಯತ್ಯಾಸವಾದರೆ ಹೆಕ್ಟೇರಿಗೆ 40 ಕಿ.ಗ್ರಾಂ ವ್ಯತ್ಯಾಸ. ಕಣದಲ್ಲಿ ಕಾಳು ಚೆಲ್ಲದಂತೆ ಬಡಿದು, ತೂರಿ, ರೈತನ ಎದುರಿನಲ್ಲೇ ತೂಗಬೇಕು.

ತೇವಾಂಶದ ವಿಷಯ ಹೆಚ್ಚಾಗಿ ಮರೆತುಹೋಗುತ್ತದೆ. ಶೇಕಡ 20 ತೇವಾಂಶವಿದ್ದಾಗ 4 ಕಿ.ಗ್ರಾಂ ತೂಗುವ ರಾಗಿ ಶೇಕಡ 12ಕ್ಕೆ ಒಣಗಿದಾಗ ಸುಮಾರು 3.64 ಕಿ.ಗ್ರಾಂ ಆಗುತ್ತದೆ. ಹಸಿ ತೂಕವನ್ನೇ ಬರೆದರೆ ಹೆಕ್ಟೇರಿಗೆ ಸುಮಾರು 145 ಕಿ.ಗ್ರಾಂ ಇಲ್ಲದ ಇಳುವರಿ ಸೇರುತ್ತದೆ. ಆದುದರಿಂದ ನಮೂನೆಗೆ ರುಜು ಹಾಕುವ ಮೊದಲು, ಬರೆದಿರುವುದು ಹಸಿ ತೂಕವೋ ಒಣ ತೂಕವೋ ಎಂದು ಕೇಳಿ ತಿಳಿದುಕೊಳ್ಳಿ. ಹಸಿ ತೂಕವಾಗಿದ್ದರೆ ಒಣಗಿಸಿ ಮತ್ತೆ ತೂಗುವ ದಿನವನ್ನೂ ಅಲ್ಲಿಯೇ ಗೊತ್ತುಮಾಡಿಕೊಳ್ಳಿ.